ಊರ ಮಾತು, ಮನೆಯ ಲೆಕ್ಕ

ನಮ್ಮ ಸಂಘದ ವಾಚನಾಲಯದಲ್ಲಿ ಭಾನುವಾರ ಸಂಜೆ ಸೇರುವ ಮಿತ್ರರ ನಡುವೆ ಬಹುಕಾಲದಿಂದ ನಡೆದುಬಂದಿರುವ ಒಂದು ವಾದವುಂಟು. ದೇಶದ ಆರ್ಥಿಕ ಸ್ಥಿತಿ ತೀರ ಹದಗೆಟ್ಟಿದೆಯೆಂದು ಒಂದು ಪಕ್ಷ. ಇಂಥ ಒಳ್ಳೆಯ ಕಾಲವನ್ನು ದೇಶ ಹಿಂದೆಂದೂ ಕಂಡಿರಲಿಲ್ಲವೆಂದು ಇನ್ನೊಂದು ಪಕ್ಷ. ಎರಡು ಪಕ್ಷದವರೂ ಪತ್ರಿಕೆಗಳಿಂದ ಅಂಕಿಗಳನ್ನು ಆಯ್ದು ತರುತ್ತಾರೆ. ಬ್ಯಾಂಕಿನವನೆಂಬ ಒಂದೇ ಕಾರಣದಿಂದ ನನ್ನನ್ನು ಮಧ್ಯಸ್ಥಿಕೆಗೆ ಕರೆಯುತ್ತಾರೆ. ಇಂಥ ವಾದಗಳನ್ನು ಕೇಳುವುದರ ಜೊತೆಗೆ, ವಾದಿಸುವಂಥವರ ಸಾಲದ ಅರ್ಜಿಗಳನ್ನೂ ಓದುವುದು ನನ್ನ ವೃತ್ತಿ. ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಕಾಣುವ ವಿಚಿತ್ರವೊಂದು ಈ ಲೇಖನಕ್ಕೆ ಪ್ರೇರಣೆ. ದೇಶ ಮುಳುಗಿತೆಂದು ಹಲುಬುವವರ ಸಂಸಾರ ಅನೇಕ ವೇಳೆ ಋಣವಿಲ್ಲದೆ ನಿಶ್ಚಿಂತೆಯಿಂದ ಸಾಗುತ್ತಿರುತ್ತದೆ. ದೇಶ ಏಳಿಗೆಯ ಶಿಖರಕ್ಕೇರಿತೆಂದು ಹಿಗ್ಗುವವರಲ್ಲಿ ಕೆಲವರು ಅದೇ ವಾರ ಮಡದಿಯ ಬಳೆಗಳನ್ನು ಅಡವಿಡಲು ನನ್ನ ಮೇಜಿನ ಮುಂದೆ ಕುಳಿತಿರುತ್ತಾರೆ. ಹೆಸರು ಹೇಳುವುದು ವೃತ್ತಿಧರ್ಮಕ್ಕೆ ಸಲ್ಲದು. ಹೇಳಬೇಕಾದ ಅಗತ್ಯವೂ ಇಲ್ಲ.

ಇದನ್ನು ಅಜ್ಞಾನವೆಂದೋ ಬೂಟಾಟಿಕೆಯೆಂದೋ ತಳ್ಳಿಹಾಕುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ದೇಶ ಹೇಗಿದೆಯೆಂಬ ಪ್ರಶ್ನೆಗೂ ನಿಮ್ಮ ಮನೆ ಹೇಗಿದೆಯೆಂಬ ಪ್ರಶ್ನೆಗೂ ಜನರು ಉತ್ತರ ಹುಡುಕುವ ಸ್ಥಳಗಳೇ ಬೇರೆ. ಮೊದಲನೆಯದಕ್ಕೆ ಉತ್ತರ ದೊರೆಯುವುದು ಪತ್ರಿಕೆಯಲ್ಲಿ, ತರಕಾರಿಯ ಅಂಗಡಿಯಲ್ಲಿ, ತಾವು ಒಪ್ಪಿದ ರಾಜಕೀಯ ಪಕ್ಷದ ಮಾತಿನಲ್ಲಿ. ಎರಡನೆಯದಕ್ಕೆ ದೊರೆಯುವುದು ಸಂಬಳದ ಚೀಟಿಯಲ್ಲಿ, ಬ್ಯಾಂಕಿನ ಪುಸ್ತಕದಲ್ಲಿ, ತಿಂಗಳ ಕಂತಿನಲ್ಲಿ. ಆದುದರಿಂದ ಎರಡು ಉತ್ತರಗಳೂ ಒಂದೇ ಆಗಿರಬೇಕೆಂದು ನಿರೀಕ್ಷಿಸುವುದೇ ತಪ್ಪು. ಇದಕ್ಕಿಂತ ಮುಖ್ಯವಾದ ಇನ್ನೊಂದು ಮಾತುಂಟು. ಮನೆಯ ಲೆಕ್ಕವನ್ನು ಮನೆಯವರು ಬಲ್ಲರೆಂದು ನಾವು ನಂಬುತ್ತೇವೆ. ಆ ನಂಬಿಕೆಯೂ ಅಷ್ಟೇನೂ ಗಟ್ಟಿಯಾದುದಲ್ಲ.

ಈ ಅಂತರವನ್ನು ಕ್ರಮಬದ್ಧವಾಗಿ ಅಳೆದಿರುವ ದೇಶ ಅಮೆರಿಕ. ಅಲ್ಲಿಯ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2013ರಿಂದ ವರ್ಷಕ್ಕೊಮ್ಮೆ ಕುಟುಂಬಗಳ ಕ್ಷೇಮವನ್ನು ಕುರಿತು ಸಮೀಕ್ಷೆ ನಡೆಸುತ್ತ ಬಂದಿದೆ. 2019ರಲ್ಲಿ ತಮ್ಮ ಸಂಸಾರ ತಕ್ಕಮಟ್ಟಿಗೆ ಅಥವಾ ಅದಕ್ಕಿಂತ ಚೆನ್ನಾಗಿ ಸಾಗಿದೆಯೆಂದವರು ಶೇಕಡ 75. ದೇಶದ ಆರ್ಥಿಕ ಸ್ಥಿತಿ ಚೆನ್ನಾಗಿದೆಯೆಂದವರು ಶೇಕಡ 50. ಸಾಂಕ್ರಾಮಿಕದ ಕಾಲದಲ್ಲಿ ಸರ್ಕಾರ ಮನೆಮನೆಗೆ ನೇರವಾಗಿ ಪರಿಹಾರಧನವನ್ನು ಕಳುಹಿಸಿತು. 2021ರಲ್ಲಿ ಮೊದಲನೆಯ ಸಂಖ್ಯೆ 78ಕ್ಕೆ ಏರಿತು. ಅದೇ ವರ್ಷ ಎರಡನೆಯ ಸಂಖ್ಯೆ 24ಕ್ಕೆ ಕುಸಿಯಿತು. 2022ರಲ್ಲಿ ಅವು 73 ಮತ್ತು 18. 2023ರ ಉತ್ತರಗಳಲ್ಲಿ ಒಂದು ಸ್ವಾರಸ್ಯವಿದೆ: ತಮ್ಮ ಮನೆ ಪರವಾಗಿಲ್ಲವೆಂದವರು ಶೇಕಡ 72, ತಮ್ಮ ಊರಿನ ಆರ್ಥಿಕ ಸ್ಥಿತಿ ಚೆನ್ನಾಗಿದೆಯೆಂದವರು ಶೇಕಡ 42, ದೇಶದ ಸ್ಥಿತಿ ಚೆನ್ನಾಗಿದೆಯೆಂದವರು ಶೇಕಡ 22. ಹೊಸ್ತಿಲಿನಿಂದ ದೂರ ಹೋದಷ್ಟೂ ಕತ್ತಲೆ! ಕಣ್ಣಿಗೆ ಕಾಣುವುದನ್ನು ಕುರಿತು ಸಮಾಧಾನ, ಕಾಣದ್ದನ್ನು ಕುರಿತು ದಿಗಿಲು.

ಪಕ್ಷಾಭಿಮಾನದ ಪಾತ್ರವೂ ಇಲ್ಲಿ ಚಿಕ್ಕದಲ್ಲ. ಮಿಚಿಗನ್ ವಿಶ್ವವಿದ್ಯಾನಿಲಯದಲ್ಲಿ ಜಾರ್ಜ್ ಕಟೋನಾ ಎಂಬ ಮನಶ್ಶಾಸ್ತ್ರಜ್ಞರು 1946ರಲ್ಲಿ ಆರಂಭಿಸಿದ ಗ್ರಾಹಕರ ಸಮೀಕ್ಷೆ ಇಂದಿಗೂ ನಡೆಯುತ್ತಿದೆ. 2016ರ ನವೆಂಬರಿನ ಅಧ್ಯಕ್ಷ ಚುನಾವಣೆಯ ಬಳಿಕ ಗೆದ್ದ ಪಕ್ಷದವರ ಭರವಸೆ ಮೇಲಕ್ಕೆ ನೆಗೆದುದನ್ನೂ ಸೋತ ಪಕ್ಷದವರ ಭರವಸೆ ಕೆಳಕ್ಕೆ ಬಿದ್ದುದನ್ನೂ ಅದು ದಾಖಲಿಸಿತು. ಆ ಕೆಲವು ವಾರಗಳಲ್ಲಿ ಯಾರ ಸಂಬಳವೂ ಬದಲಾಗಿರಲಿಲ್ಲ.

ಆದರೆ ಪಕ್ಷಾಭಿಮಾನವೊಂದರಿಂದಲೇ ಎಲ್ಲವನ್ನೂ ವಿವರಿಸಲಾಗದು. ಬೆಲೆಯ ವಿಷಯವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಪಂಡಿತರೂ ಪಾಮರರೂ ಒಬ್ಬರನ್ನೊಬ್ಬರು ತಪ್ಪಾಗಿ ತಿಳಿಯುವುದು ಇಲ್ಲಿಯೇ. ಹಣದುಬ್ಬರ ಇಳಿಯಿತೆಂದು ಅರ್ಥಶಾಸ್ತ್ರಜ್ಞರು ಹೇಳಿದಾಗ, ಬೆಲೆ ಏರುವ ವೇಗ ತಗ್ಗಿತೆಂದು ಅದರ ಅರ್ಥ. ಗೃಹಿಣಿ ಕೇಳಿಸಿಕೊಳ್ಳುವುದು ಬೆಲೆ ಇಳಿಯಿತೆಂದು. ಅಂಗಡಿಗೆ ಹೋದರೆ ಬೆಲೆ ಇಳಿದಿರುವುದಿಲ್ಲ. ನೂರು ರೂಪಾಯಿನ ಸಾಮಾನು ವರ್ಷಕ್ಕೆ ಶೇಕಡ 5ರಂತೆ ಐದು ವರ್ಷ ಏರಿದರೆ ಸುಮಾರು 127 ರೂಪಾಯಿ 60 ಪೈಸೆಯಾಗುತ್ತದೆ. ಆರನೆಯ ವರ್ಷ ಹಣದುಬ್ಬರ ಸೊನ್ನೆಗಿಳಿದರೂ ಅದು 127 ರೂಪಾಯಿ 60 ಪೈಸೆಯಾಗಿಯೇ ಉಳಿಯುತ್ತದೆ. ಆಕೆಯ ಸಂಬಳವೋ ಆಕೆಯ ಗಂಡನ ಸಂಬಳವೋ ಅಷ್ಟೇ ಏರಿರದಿದ್ದರೆ, ಆ ಮನೆಯ ಪಾಲಿಗೆ ಹಣದುಬ್ಬರ ಮುಗಿದೇ ಇಲ್ಲ. ಅಮೆರಿಕದಲ್ಲಿ 2022ರ ಜೂನ್‌ನಲ್ಲಿ ಶೇಕಡ 9.1ಕ್ಕೇರಿದ್ದ ಹಣದುಬ್ಬರ ಮರುವರ್ಷ ಬಹಳವಾಗಿ ತಗ್ಗಿದರೂ ಜನರ ಮುನಿಸು ತಗ್ಗದೆ ಇದ್ದುದಕ್ಕೆ ಇದೂ ಒಂದು ಕಾರಣ.

ನಮ್ಮ ರಿಸರ್ವ್ ಬ್ಯಾಂಕು 2005ರಿಂದ ನಗರವಾಸಿ ಕುಟುಂಬಗಳನ್ನು, ಈಗ ಬೆಲೆಗಳು ಎಷ್ಟು ಏರುತ್ತಿವೆಯೆಂದು ನಿಮಗೆ ತೋರುತ್ತದೆಂದು ಕೇಳುತ್ತ ಬಂದಿದೆ. ಉತ್ತರ ಸಾಮಾನ್ಯವಾಗಿ ಸರ್ಕಾರದ ಸೂಚ್ಯಂಕಕ್ಕಿಂತ ಮೇಲೆಯೇ ಇರುತ್ತದೆ. 2024ರಲ್ಲಿ ಸರ್ಕಾರದ ಲೆಕ್ಕದ ಹಣದುಬ್ಬರ ಸರಾಸರಿ ಶೇಕಡ 5ರ ಆಸುಪಾಸಿನಲ್ಲಿದ್ದಾಗ ಕುಟುಂಬಗಳ ಅಂದಾಜು ಸುಮಾರು ಶೇಕಡ 8. 2025ರ ಅಕ್ಟೋಬರಿನಲ್ಲಿ ಸರ್ಕಾರದ ಅಂಕಿ ಶೇಕಡ 0.25ಕ್ಕೆ ಇಳಿಯಿತು. ಅದರ ಹಿಂದುಮುಂದಿನ ತಿಂಗಳುಗಳಲ್ಲಿಯೂ ಕುಟುಂಬಗಳು ಹೇಳಿದ್ದು ಶೇಕಡ 6ಕ್ಕೂ ಮೇಲೆ. ಜನ ಉತ್ಪ್ರೇಕ್ಷಿಸುತ್ತಾರೆಂಬುದು ನಿಜ. ನಿತ್ಯ ಕೊಳ್ಳುವ ಹಾಲು, ಈರುಳ್ಳಿ, ಟೊಮೇಟೊಗಳ ಬೆಲೆ ನೆನಪಿನಲ್ಲಿ ನಿಲ್ಲುವಂತೆ ಹತ್ತು ವರ್ಷಕ್ಕೊಮ್ಮೆ ಕೊಳ್ಳುವ ಶೀತಕಪೆಟ್ಟಿಗೆಯ ಬೆಲೆ ನಿಲ್ಲುವುದಿಲ್ಲ; ಏರಿದ್ದು ನೆನಪಿರುವಂತೆ ಇಳಿದದ್ದು ನೆನಪಿರುವುದಿಲ್ಲ. ಆದರೆ ಸೂಚ್ಯಂಕವೂ ನಿರ್ದೋಷಿಯಲ್ಲ. ಆ 2025ರ ಅಂಕಿಯನ್ನು ಕೊಟ್ಟ ಸರಣಿಗೆ 2012 ಆಧಾರವರ್ಷ. ಅದರಲ್ಲಿ ಪದಾರ್ಥಗಳಿಗೆ ಕೊಟ್ಟಿದ್ದ ತೂಕ 2011-12ರ ಸಮೀಕ್ಷೆಯದು. ಎಂದರೆ ಹದಿಮೂರು ವರ್ಷದ ಹಿಂದಿನ ಅಡುಗೆಮನೆಯ ಸಾಮಾನಿನ ಪಟ್ಟಿಯಿಂದ ಈ ದಿನದ ಖರ್ಚನ್ನು ತೂಗುತ್ತಿದ್ದೆವು. 2024ನ್ನು ಆಧಾರವರ್ಷವಾಗಿಟ್ಟ ಹೊಸ ಸರಣಿ ಹೊರಬಂದದ್ದು 2026ರಲ್ಲಿ. ಮುಂಬಯಿಯಲ್ಲಿ ಮನೆಯ ಬಾಡಿಗೆಗೆ ಸಂಬಳದ ಮೂರನೆಯ ಒಂದು ಪಾಲನ್ನು ತೆರುವ ನಮ್ಮಂಥವರ ಹಣದುಬ್ಬರ ಯಾವುದು, ಸ್ವಂತ ಮನೆಯಲ್ಲಿರುವ ಹಳ್ಳಿಯ ರೈತನದು ಯಾವುದು? ಒಂದೇ ಸರಾಸರಿ ಇಬ್ಬರನ್ನೂ ಹೇಳಲಾರದು.

ಇನ್ನು ನಮ್ಮ ದೇಶದ ಜನಾಭಿಪ್ರಾಯಕ್ಕೆ ಬರೋಣ. ಅಮೆರಿಕದ ಚಿತ್ರವನ್ನೇ ಇಲ್ಲಿಯೂ ಹುಡುಕಿದರೆ ಎಡವುತ್ತೇವೆ. ರಿಸರ್ವ್ ಬ್ಯಾಂಕು 2010ರಿಂದ ನಡೆಸುತ್ತಿರುವ ಗ್ರಾಹಕ ವಿಶ್ವಾಸದ ಸಮೀಕ್ಷೆಯಲ್ಲಿ ಐದು ವಿಷಯಗಳನ್ನು ಕೇಳುತ್ತಾರೆ: ದೇಶದ ಆರ್ಥಿಕ ಸ್ಥಿತಿ, ಉದ್ಯೋಗ, ಬೆಲೆ, ಕುಟುಂಬದ ಆದಾಯ, ಕುಟುಂಬದ ಖರ್ಚು. ಒಂದೊಂದರಲ್ಲಿಯೂ ಉತ್ತಮವಾಗಿದೆಯೆಂದವರ ಶೇಕಡ ಸಂಖ್ಯೆಯಿಂದ ಕೆಟ್ಟಿದೆಯೆಂದವರ ಸಂಖ್ಯೆಯನ್ನು ಕಳೆಯುತ್ತಾರೆ. ಐದರ ಸರಾಸರಿಯನ್ನು 100ಕ್ಕೆ ಕೂಡಿಸುತ್ತಾರೆ. ಬಂದದ್ದು 100ಕ್ಕಿಂತ ಮೇಲಿದ್ದರೆ ಆಶಾವಾದ, ಕೆಳಗಿದ್ದರೆ ನಿರಾಶೆ. 2019ರ ಮಾರ್ಚ್‌ನಲ್ಲಿ ಈ ಸೂಚ್ಯಂಕ 104.6, ಸಾಂಕ್ರಾಮಿಕದ ಎರಡನೆಯ ಅಲೆ ಅಪ್ಪಳಿಸಿದ 2021ರ ಮೇ ತಿಂಗಳಿನಲ್ಲಿ ಅದು 48.5ಕ್ಕೆ ಬಿತ್ತು. ಸೂಕ್ಷ್ಮವಾಗಿ ನೋಡಿದರೆ ಇಲ್ಲಿ ದೇಶದ ಪ್ರಶ್ನೆಗಳನ್ನೂ ಮನೆಯ ಪ್ರಶ್ನೆಗಳನ್ನೂ ಒಂದೇ ಪಾತ್ರೆಯಲ್ಲಿ ಹಾಕಿ ಕಲಸಿದಂತಾಗಿದೆ. ಇನ್ನೂ ಒಂದು ತೊಡಕು: ಖರ್ಚು ಹೆಚ್ಚಾಗಿದೆಯೆಂಬ ಉತ್ತರವನ್ನು ಆಶಾವಾದದ ಪಾಲಿಗೆ ಸೇರಿಸುತ್ತಾರೆ. ಕೈಯಲ್ಲಿ ಕಾಸಿರುವವನು ಹೆಚ್ಚು ಖರ್ಚು ಮಾಡುತ್ತಾನೆಂಬುದು ಇದರ ತರ್ಕ. ಆದರೆ ಮಗುವಿನ ಶಾಲೆಯ ಶುಲ್ಕ ಏರಿದುದಕ್ಕೂ ಆಸ್ಪತ್ರೆಯ ಬಿಲ್ಲು ಬಂದುದಕ್ಕೂ ಖರ್ಚು ಹೆಚ್ಚಿದೆಯೆಂದೇ ಹೇಳಬೇಕಲ್ಲ? ಕಷ್ಟದಿಂದ ಹುಟ್ಟಿದ ಉತ್ತರವೂ ಹೀಗೆ ವಿಶ್ವಾಸದ ಲೆಕ್ಕಕ್ಕೆ ಜಮೆಯಾಗುತ್ತದೆ.

ಇದೇ ಸಮೀಕ್ಷೆಯಲ್ಲಿ ಒಂದು ವರ್ಷದ ಮುಂದಿನ ನಿರೀಕ್ಷೆಗೆ ಬೇರೆಯೇ ಸೂಚ್ಯಂಕವುಂಟು. 48.5ರ ಆ ಕರಾಳ ತಿಂಗಳಿನಲ್ಲಿ ಮುಂದಿನ ವರ್ಷದ ನಿರೀಕ್ಷೆ 96.4 ಇತ್ತು. ಇಂದಿನ ದಿನ ಎಷ್ಟೇ ಕೆಟ್ಟದಾಗಿರಲಿ, ನಾಳೆ ನೆಟ್ಟಗಾದೀತೆಂಬುದು ನಮ್ಮ ಜನರ ಸ್ಥಾಯೀಭಾವ. ತನ್ನ ಮನೆ ಸರಿ, ದೇಶ ಕೆಟ್ಟಿತೆಂದು ಅಮೆರಿಕದವನು ಹೇಳಿದರೆ, ನಮ್ಮವನು ಅನೇಕ ವೇಳೆ ತನ್ನ ಕಷ್ಟ ತನಗಿರಲಿ, ದೇಶಕ್ಕೆ ಒಳ್ಳೆಯದಾಗುತ್ತಿದೆಯೆನ್ನುತ್ತಾನೆ. 2016ರ ನವೆಂಬರ್ 8ರ ರಾತ್ರಿ ಐನೂರು ಮತ್ತು ಸಾವಿರ ರೂಪಾಯಿಗಳ ನೋಟುಗಳು ರದ್ದಾದ ಮೇಲಿನ ವಾರಗಳಲ್ಲಿ ನಾನು ಗಲ್ಲೆಯ ಹಿಂದೆ ಕುಳಿತು ಕಂಡದ್ದು ಇದನ್ನೇ. ನಾಲ್ಕು ಗಂಟೆ ಸರತಿಯಲ್ಲಿ ನಿಂತು ಎರಡು ಸಾವಿರ ರೂಪಾಯಿ ಪಡೆದು ಹೋಗುವವರಲ್ಲಿ ಎಷ್ಟೋ ಮಂದಿ ಆ ಕ್ರಮವನ್ನು ಮೆಚ್ಚಿಯೇ ಮಾತನಾಡುತ್ತಿದ್ದರು.

ಆ ದಿನಗಳ ಇನ್ನೊಂದು ನೋಟವನ್ನು ನಾನು ಮರೆಯಲಾರೆ. ಮಧ್ಯಾಹ್ನದ ಹೊತ್ತು, ಗಂಡಸರು ಕೆಲಸಕ್ಕೆ ಹೋದ ಮೇಲೆ, ಹೆಂಗಸರು ಬರುತ್ತಿದ್ದರು. ಸೆರಗಿನ ಗಂಟಿನಲ್ಲಿ, ಹಳೆಯ ಔಷಧದ ಡಬ್ಬಿಯಲ್ಲಿ, ಮಡಿಸಿ ಮಡಿಸಿ ಮೆತ್ತಗಾದ ನೋಟುಗಳು. ಸಾಸಿವೆ ಡಬ್ಬಿಯ ಹಣವೆಂದು ನಾವು ತಮಾಷೆಗೆ ಹೇಳುವುದು ಅಂದು ಬ್ಯಾಂಕಿನ ಮೇಜಿನ ಮೇಲೆ ಪ್ರತ್ಯಕ್ಷವಾಯಿತು. ಎಂಟು ಸಾವಿರ, ಹನ್ನೊಂದು ಸಾವಿರ, ಒಬ್ಬಾಕೆಯದು ನಲವತ್ತಮೂರು ಸಾವಿರ. ಬಿಜಾಪುರದ ಕಡೆಯ ಕನ್ನಡದಲ್ಲಿ ಆಕೆ ಕೇಳಿದ್ದು ಒಂದೇ ಮಾತು: “ಸಾಹೇಬ್ರ, ಇದು ನಮ್ಮ ಮನಿಯವ್ರ ಮೊಬೈಲಿಗೆ ಬರ್ತದೇನ್ರಿ?” ಖಾತೆಗೆ ಜೋಡಿಸಿದ್ದ ದೂರವಾಣಿ ಸಂಖ್ಯೆ ಗಂಡನದು. ಬರುತ್ತದೆಂದು ನಾನು ಹೇಳಬೇಕಾಯಿತು. ಆಕೆ ಸ್ವಲ್ಪ ಹೊತ್ತು ಕುಳಿತಿದ್ದು, ಹಣವನ್ನು ಕಟ್ಟಿಯೇ ಹೋದಳು, ಬೇರೆ ದಾರಿಯಿರಲಿಲ್ಲ. ಅದಕ್ಕೆ ಹಿಂದಿನ ವಾರ ಯಾವುದಾದರೂ ಸಮೀಕ್ಷೆಯವರು ಆ ಮನೆಗೆ ಹೋಗಿದ್ದರೆ, ಮನೆಯ ಯಜಮಾನ ಉಳಿತಾಯವೇನೂ ಇಲ್ಲವೆಂದು ಪ್ರಾಮಾಣಿಕವಾಗಿಯೇ ಹೇಳುತ್ತಿದ್ದ. ಮನೆಯ ಲೆಕ್ಕವನ್ನು ಮನೆಯವರೂ ಪೂರ್ತಿಯಾಗಿ ಬಲ್ಲರೆಂಬ ನಂಬಿಕೆ ಗಟ್ಟಿಯಲ್ಲವೆಂದು ಮೇಲೆ ಹೇಳಿದ್ದು ಇದಕ್ಕಾಗಿ.

ಉಳಿತಾಯ ಹೀಗೆ ಅಡಗಿರುವಂತೆ ಸಾಲವೂ ಅಡಗಿರುತ್ತದೆ. 2019ರ ರಾಷ್ಟ್ರೀಯ ಸಾಲ ಮತ್ತು ಹೂಡಿಕೆಯ ಸಮೀಕ್ಷೆಯಂತೆ ನಗರದ ಕುಟುಂಬವೊಂದರ ಸರಾಸರಿ ಸಾಲ 1,20,336 ರೂಪಾಯಿ. ಹಳ್ಳಿಯ ಕುಟುಂಬದ್ದು 59,748. ಇದನ್ನು ಓದಿದವರು, ನಗರವಾಸಿಯ ಪಾಲಿಗೆ ಒಂದು ಲಕ್ಷ ಇಪ್ಪತ್ತು ಸಾವಿರವೇನು ಮಹಾ ಎಂದಾರು. ಆದರೆ ಅದು ಸಾಲವಿದ್ದವರನ್ನೂ ಇಲ್ಲದವರನ್ನೂ ಕೂಡಿಸಿ ಹಂಚಿದ ಸರಾಸರಿ. ನಗರದಲ್ಲಿ ಸಾಲವಿದ್ದ ಕುಟುಂಬಗಳು ಶೇಕಡ 22.4 ಮಾತ್ರ. ಇಡೀ ಭಾರವನ್ನು ಅವರ ತಲೆಯ ಮೇಲೆಯೇ ಇಟ್ಟರೆ ಒಂದೊಂದು ಕುಟುಂಬಕ್ಕೆ ಸುಮಾರು 5 ಲಕ್ಷ 37 ಸಾವಿರ. ಹಳ್ಳಿಯಲ್ಲಿ ಸಾಲವಿದ್ದವರು ಶೇಕಡ 35. ಅವರ ಪಾಲಿಗೆ ತಲಾ ಸುಮಾರು 1 ಲಕ್ಷ 70 ಸಾವಿರ. ಸರಾಸರಿಯೆಂಬುದು ಒಬ್ಬನ ಹೊರೆಯನ್ನು ಐವರಿಗೆ ಹಂಚಿ ಎಲ್ಲರೂ ಹಗುರವೆಂದು ತೋರಿಸುವ ಯುಕ್ತಿ. ಇಷ್ಟಾದರೂ ಚೀಟಿಯ ಬಾಕಿ, ಭಾವಮೈದುನನಿಂದ ಪಡೆದ ಕೈಗಡ, ಕಿರಾಣಿಯಂಗಡಿಯ ಉದ್ದರಿ ಇವೆಲ್ಲ ಪ್ರಶ್ನೆ ಕೇಳಲು ಬಂದ ಅಪರಿಚಿತನ ಮುಂದೆ ಬಾಯಿಗೆ ಬರುವುದು ಅಪರೂಪ. ಮರ್ಯಾದೆಯ ಪ್ರಶ್ನೆ!

ಇಂಥ ಅಂಕಿಗಳನ್ನು ಓದುವುದರಲ್ಲಿಯೂ ಭಿನ್ನಾಭಿಪ್ರಾಯಗಳು ತಪ್ಪಿದ್ದಲ್ಲ. 2023ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕು ಪ್ರಕಟಿಸಿದ ಲೆಕ್ಕದಂತೆ 2022-23ರಲ್ಲಿ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯ ರಾಷ್ಟ್ರೋತ್ಪನ್ನದ ಶೇಕಡ 5.1ಕ್ಕೆ ಇಳಿದಿತ್ತು, ಎರಡು ವರ್ಷ ಹಿಂದೆ ಅದು ಶೇಕಡ 11.5. ಅದೇ 2022-23ರಲ್ಲಿ ಕುಟುಂಬಗಳು ಹೊಸದಾಗಿ ಮಾಡಿದ ಸಾಲ ಶೇಕಡ 5.8. ಮನೆಗಳು ಬರಿದಾಗುತ್ತಿವೆಯೆಂದು ವಿಮರ್ಶಕರು ಕೂಗಿದರು. ಜನರು ಸಾಲ ಮಾಡಿ ಮನೆಗಳನ್ನೂ ವಾಹನಗಳನ್ನೂ ಕೊಳ್ಳುತ್ತಿದ್ದಾರೆ, ಇದು ಸಂಕಟದ ಗುರುತಲ್ಲವೆಂದು ಹಣಕಾಸು ಮಂತ್ರಾಲಯ ಉತ್ತರಿಸಿತು. ನನ್ನ ಅಭಿಪ್ರಾಯದಲ್ಲಿ ಎರಡೂ ಪಕ್ಷಗಳು ಒಂದೇ ತಪ್ಪು ಮಾಡಿದುವು. ಠಾಣೆಯಲ್ಲಿ ಎರಡು ಕೋಣೆಯ ಮನೆ ಕೊಂಡವನ ಸಾಲವೂ, ಹಳೆಯ ಸಾಲದ ಕಂತು ಕಟ್ಟಲು ಹೊಸ ಸಾಲ ಮಾಡಿದವನ ಸಾಲವೂ ಆ 5.8ರಲ್ಲಿ ಒಂದೇ ಬಣ್ಣ. ಮೊದಲನೆಯದರ ಹಿಂದೆ ಗೋಡೆಗಳಿವೆ. ಎರಡನೆಯದರ ಹಿಂದೆ ಒಂದು ರಸೀದಿ ಮಾತ್ರ. ಚಿನ್ನದ ಸಾಲದ ಮಾತೂ ಹೀಗೆಯೇ. 2025ರ ಮಾರ್ಚ್ ವೇಳೆಗೆ ಬ್ಯಾಂಕುಗಳಲ್ಲಿ ಆಭರಣಗಳ ಮೇಲಿನ ಸಾಲ ಒಂದು ವರ್ಷದಲ್ಲಿ ಸುಮಾರು ಇಮ್ಮಡಿಯಾಯಿತು. ಅದರಲ್ಲಿ ಒಂದು ಭಾಗ ಹಿಂದೆ ಕೃಷಿ ಸಾಲವೆಂದು ಬರೆದಿದ್ದುದನ್ನು ಬೇರೆ ಶೀರ್ಷಿಕೆಗೆ ಸಾಗಿಸಿದ್ದರಿಂದ ಬಂದದ್ದು. ಒಂದು ಭಾಗ ಚಿನ್ನದ ಬೆಲೆ ಏರಿ ಅದೇ ಸರಕ್ಕೆ ಹೆಚ್ಚು ಹಣ ದೊರೆತದ್ದರಿಂದ ಬಂದದ್ದು. ಇನ್ನೊಂದು ಭಾಗ ನಿಜವಾದ ಕಷ್ಟ. ಯಾವುದು ಎಷ್ಟೆಂಬುದು ಮೊತ್ತವನ್ನು ಎಷ್ಟು ದಿಟ್ಟಿಸಿದರೂ ತಿಳಿಯುವುದಿಲ್ಲ, ಅಡವಿಟ್ಟವಳನ್ನು ಕೇಳಬೇಕು.

ಕೇಳಿ ಬರೆದಿಡುವ ಈ ಕೆಲಸ ನಮ್ಮಲ್ಲಿ ಹೊಸದೇನಲ್ಲ. ಮುಂಬಯಿ ಸರ್ಕಾರದ ಕಾರ್ಮಿಕ ಕಚೇರಿ 1921-22ರಲ್ಲಿಯೇ ಇಲ್ಲಿಯ ಕಾರ್ಮಿಕ ಕುಟುಂಬಗಳ ಆಯವ್ಯಯಗಳನ್ನು ಸಂಗ್ರಹಿಸಿತು. ಆ ವರದಿ 1923ರಲ್ಲಿ ಪ್ರಕಟವಾಯಿತು. ರಿಸರ್ವ್ ಬ್ಯಾಂಕು 1951-52ರಲ್ಲಿ 75 ಜಿಲ್ಲೆಗಳ 600 ಹಳ್ಳಿಗಳಲ್ಲಿ ನಡೆಸಿದ ಗ್ರಾಮೀಣ ಸಾಲದ ಸಮೀಕ್ಷೆ ಎಲ್ಲರ ಕಣ್ಣು ತೆರೆಯಿಸಿತು. ಸಹಕಾರ ಸಂಘಗಳು ರೈತನನ್ನು ಸಾಹುಕಾರನಿಂದ ಬಿಡಿಸುತ್ತಿವೆಯೆಂದು ಭಾಷಣಗಳಲ್ಲಿ ಕೇಳಿಬರುತ್ತಿದ್ದ ಕಾಲ ಅದು. ರೈತನ ಸಾಲದಲ್ಲಿ ಸಹಕಾರ ಸಂಘಗಳ ಪಾಲು ಶೇಕಡ 3.1, ವಾಣಿಜ್ಯ ಬ್ಯಾಂಕುಗಳ ಪಾಲು ಶೇಕಡ 0.9, ಲೇವಾದೇವಿಯವರ ಪಾಲು ಸುಮಾರು ಶೇಕಡ 70 ಎಂದು ಸಮೀಕ್ಷೆ ತೋರಿಸಿತು. ನಮ್ಮ ಕನ್ನಡ ಕರಾವಳಿಯವರಿಗೆ ಇನ್ನೂ ಹತ್ತಿರದ ಒಂದು ಉದಾಹರಣೆ ಪಿಗ್ಮಿ ಠೇವಣಿ. ಉಡುಪಿಯಲ್ಲಿ ಹುಟ್ಟಿದ, ಮುಂದೆ ಸಿಂಡಿಕೇಟ್ ಬ್ಯಾಂಕೆಂದು ಹೆಸರಾಗಿ 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ಲೀನವಾದ ಸಂಸ್ಥೆ 1928ರಲ್ಲಿ ಇದನ್ನು ಆರಂಭಿಸಿತು. ಬ್ಯಾಂಕಿನ ಪ್ರತಿನಿಧಿ ದಿನವೂ ಮನೆಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಪಡೆದು ಬರೆದುಕೊಳ್ಳುತ್ತಿದ್ದ. ಎರಡು ದಿನ ಎರಡಾಣೆ ಬಾರದಿದ್ದರೆ ಆ ಮನೆಯಲ್ಲಿ ಏನೋ ಆಗಿದೆಯೆಂದು ಅವನಿಗೆ ತಿಳಿಯುತ್ತಿತ್ತು. ಯಾವ ಸೂಚ್ಯಂಕಕ್ಕೂ ಈ ಸೂಕ್ಷ್ಮ ಬಂದಿಲ್ಲ.

ಇಂಥ ಪರಂಪರೆಯುಳ್ಳ ದೇಶದಲ್ಲಿ 2011-12ರ ತರುವಾಯ ಕುಟುಂಬಗಳ ಬಳಕೆಯ ವೆಚ್ಚದ ಸಮೀಕ್ಷೆಯೊಂದೂ 2024ರವರೆಗೆ ಬೆಳಕು ಕಾಣಲಿಲ್ಲ. 2017-18ರಲ್ಲಿ ಒಂದು ನಡೆಯಿತು. ಅಂಕಿಗಳ ಗುಣಮಟ್ಟ ಸರಿಯಿಲ್ಲವೆಂಬ ಕಾರಣ ಕೊಟ್ಟು ಅದನ್ನು ಪ್ರಕಟಿಸುವುದಿಲ್ಲವೆಂದು ಸರ್ಕಾರ 2019ರ ನವೆಂಬರಿನಲ್ಲಿ ಹೇಳಿತು. 2022-23ರ ಸಮೀಕ್ಷೆಯ ಅಂಕಿಗಳು 2024ರ ಫೆಬ್ರವರಿಯಲ್ಲಿ ಬಂದುವು: ತಲೆಗೆ ತಿಂಗಳ ವೆಚ್ಚ ಹಳ್ಳಿಯಲ್ಲಿ 3,773 ರೂಪಾಯಿ, ನಗರದಲ್ಲಿ 6,459. ನೋಟು ರದ್ದತಿ, ಸರಕು ಸೇವಾ ತೆರಿಗೆ, ಸಾಂಕ್ರಾಮಿಕ ಈ ಮೂರನ್ನೂ ನುಂಗಿದ ಆ ನಡುವಿನ ವರ್ಷಗಳಲ್ಲಿ ನಾವು ದೇಶದ ಸ್ಥಿತಿಯನ್ನು ಕುರಿತು ಮಾಡಿದ ವಾದವೆಲ್ಲ, ವಾಚನಾಲಯದಲ್ಲಾಗಲಿ ಸಂಸತ್ತಿನಲ್ಲಾಗಲಿ, ಈ ಲೆಕ್ಕವಿಲ್ಲದೆ ಮಾಡಿದ ವಾದ.

ನನ್ನದೇ ಮನೆಯ ಮಾತು ಹೇಳುತ್ತೇನೆ. ವರಮಾನದ ನಾಲ್ಕನೆಯ ಒಂದು ಪಾಲನ್ನು ನಾವು ಉಳಿಸುತ್ತಿದ್ದೇವೆಂದು ನಾನು ಬಹಳ ವರ್ಷ ನಂಬಿದ್ದೆ. ಇತರರಿಗೆ ಉಪದೇಶವನ್ನೂ ಮಾಡುತ್ತಿದ್ದೆ. ಒಂದು ವರ್ಷ ಪತಿಪತ್ನಿಯರಿಬ್ಬರೂ ಕುಳಿತು ಯುಗಾದಿಯಿಂದ ಯುಗಾದಿಯವರೆಗೆ ಲೆಕ್ಕ ಬರೆದೆವು. ಉಳಿತಾಯವೆಂದು ನಾನು ಎಣಿಸುತ್ತಿದ್ದ ಗೃಹಸಾಲದ ಕಂತಿನಲ್ಲಿ ಹೆಚ್ಚಿನ ಪಾಲು ಬಡ್ಡಿ. ಊರಿನಲ್ಲಿ ತಾಯಿಯ ಔಷಧಕ್ಕೆ ಕಳುಹಿಸಿದ್ದು ಯಾವ ಕಾಲಮಿನಲ್ಲಿಯೂ ಇರಲಿಲ್ಲ. ನಿಜವಾಗಿ ಉಳಿದದ್ದು ಹತ್ತನೆಯ ಒಂದು ಪಾಲಿಗಿಂತ ಕಡಿಮೆ. ನನ್ನ ಹೆಂಡತಿಗೆ ಇದು ಹೊಸ ಸುದ್ದಿಯೇನೂ ಆಗಿರಲಿಲ್ಲ.

ಆದುದರಿಂದ ಸಂಘದ ಸಂಶೋಧನ ವಿಭಾಗಕ್ಕೆ ನನ್ನದೊಂದು ಸೂಚನೆ. ಈ ಮಹಾನಗರದ ಕನ್ನಡ ಕುಟುಂಬಗಳಲ್ಲಿ ಒಪ್ಪಿದ ನಲವತ್ತು ಐವತ್ತು ಮನೆಗಳನ್ನು ಆರಿಸಿಕೊಂಡು ಒಂದು ವರ್ಷದ ಆಯವ್ಯಯವನ್ನು ಬರೆಯಿಸಬೇಕು. ಹೋಟೆಲಿನ ಕೆಲಸಗಾರರು, ಕಚೇರಿಯ ಗುಮಾಸ್ತರು, ನಿವೃತ್ತರು, ಸಣ್ಣ ವ್ಯಾಪಾರಿಗಳು ಎಲ್ಲರೂ ಅದರಲ್ಲಿರಬೇಕು. ಮೊದಲ ದಿನವೇ ಎರಡು ಪ್ರಶ್ನೆಗಳನ್ನು ಕೇಳಿ ಉತ್ತರವನ್ನು ಮುಚ್ಚಿಡಬೇಕು: ದೇಶ ಹೇಗಿದೆ, ನಿಮ್ಮ ಮನೆ ಹೇಗಿದೆ. ಗಂಡಹೆಂಡಿರನ್ನು ಬೇರೆಬೇರೆಯಾಗಿ ಕೇಳಬೇಕು. ಕೇಳುವವರಲ್ಲಿ ಹೆಂಗಸರೂ ಇರಬೇಕು. ಚೀಟಿ, ಕೈಗಡ, ಊರಿಗೆ ಕಳುಹಿಸುವ ಹಣ ಇವಕ್ಕೆ ಪ್ರತ್ಯೇಕ ಕಾಲಮು ಬೇಕು. ಹೆಸರಿನ ಬದಲು ಸಂಖ್ಯೆ ಮಾತ್ರ ಬರೆಯತಕ್ಕದ್ದು. ಲೆಕ್ಕದ ಪುಸ್ತಕದ ಮಾದರಿಯನ್ನು ನಾನು ಸಿದ್ಧಪಡಿಸಿದ್ದೇನೆ. ವಾಚನಾಲಯದ ಕಾರ್ಯದರ್ಶಿಗಳ ಬಳಿ ಅದರ ಹತ್ತು ಪ್ರತಿಗಳಿವೆ.